ಚಿಗವ್ವ ಹಾಕಿದ ಆಣೆ

‘ನಮ್ಮ ಸೆಂಟರ್ ಬಿಟ್ಟು ಈಕಿ ಪ್ರಾಜೆಕ್ಟ್ ಮುಗಿಸಿ ಡಿಗ್ರಿ ತಗೊಳ್ಳೂದು ಆಗೂ ಮಾತಲ್ಲ’ ಎಂದು ಹೇಳಿದವರು ಎಸಿ ಸರ್. ಇವತ್ತು ಬೆಳಿಗ್ಗೆ ಅವರು ಸುಮ್ಮನೆ ನೆನಪಾಗಲಿಲ್ಲ. ನಾನು ಪಾಠ ಹೇಳುವ ಶಾಲೆಯವರು ಕೊಟ್ಟ ಲ್ಯಾಪ್‌ಟಾಪ್ ತೆರೆದು, ನಾನೇ ಕೂತು ಬರೆದ ಪ್ರಶ್ನೆಪತ್ರಿಕೆಯಲ್ಲಿ ಒಂದು ತಪ್ಪು ತಿದ್ದೋಣವೆಂದರೆ ಪರದೆಯ ಮೇಲೆ ಸೂಚನೆಯೊಂದು ಬಂತು: ಪರವಾನಗಿಯ ಅವಧಿ ಮುಗಿದಿದೆ, ಓದಬಹುದು, ತಿದ್ದುವಂತಿಲ್ಲ. ಪ್ರಶ್ನೆ ನನ್ನದು, ತಪ್ಪೂ ನನ್ನದು, ತಿದ್ದುವುದಕ್ಕೆ ಮಾತ್ರ ಯಾರದೋ ಅಪ್ಪಣೆ ಬೇಕು. ನಗು ಬಂತು. ಅಂಬೇವಾಡಿಯಲ್ಲಿರುವ ಚಿಗವ್ವನಿಗೆ, ಅಂದರೆ ನನ್ನ ಕಾಕಾನ ಹೆಂಡತಿಗೆ, ಫೋನ್ ಮಾಡಿ ಹೇಳಿದೆ. ‘ಮತ್ತ ಅವರ ಡಬ್ಬ್ಯಾಗ ಹೋಗಿ ಯಾಕ ಬರದಿ?’ ಎಂದಳು. ಸಮಾಧಾನ ಹೇಳುವುದು ಅವಳಿಗೆ ಮೊದಲಿನಿಂದಲೂ ಬರುವುದಿಲ್ಲ.

ಎಸಿ ಸರ್ ಅವರ ನಿಜವಾದ ಹೆಸರು ನಿಮಗೆ ಬೇಡ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ದಾಂಡೇಲಿಯಲ್ಲಿ ಅವರೊಂದು ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ಅಲ್ಲಿ ಎಸಿ ಇತ್ತು. ಕಂಪ್ಯೂಟರಿಗೆ ಸೆಕೆ ಆಗುತ್ತದೆಂದು ಇಟ್ಟದ್ದು, ನಮಗಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು, ಗರ್ಭಗುಡಿಗೆ ಹೋದ ಹಾಗೆ ಒಳಗೆ ಹೋಗುತ್ತಿದ್ದೆವು. ನಾನಂತೂ ಮೊದಲ ದಿನ ಕೀಬೋರ್ಡಿಗೆ ನಮಸ್ಕಾರ ಮಾಡಿ ಕೂತವಳು. ಗೋಡೆಯ ಮೇಲೆ ‘ನಕಲು ಮಾಡುವುದು ಕಳ್ಳತನ’ ಎಂಬ ದೊಡ್ಡ ಚಿತ್ರಪಟ. ಅದರ ಕೆಳಗಿನ ಕಪಾಟಿನಲ್ಲಿ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದಿಟ್ಟ ಸಿಡಿಗಳು. ಸೆಂಟರಿನ ಸಾಫ್ಟ್‌ವೇರ್ ಪೂರಾ ಆ ಸಿಡಿಗಳಿಂದಲೇ ಬಂದದ್ದು, ಅಂದರೆ ಅದೇ ಒಂದು ನಕಲು ಎಂಬುದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಭಕ್ತಿ ಇದ್ದಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ ನೋಡಿ.

ನಮ್ಮ ಮನೆಯಲ್ಲಿ ಹತ್ತನೆಯದು ದಾಟಿದವರು ಯಾರೂ ಇರಲಿಲ್ಲ. ಅಪ್ಪ ಬಿದಿರು ಸಾಗಿಸುವ ಲಾರಿಯ ಡ್ರೈವರು, ಅವ್ವ ಸಸಿ ಬೆಳೆಸುವಲ್ಲಿ ಕೂಲಿ. ನಾನು ಹಳಿಯಾಳಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಡಿಗ್ರಿ ಓದುತ್ತಿದ್ದೆ. ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕು, ಒಪ್ಪಿಸದಿದ್ದರೆ ಪಾಸಿಲ್ಲ. ಒಂದು ವರ್ಷ ಹೋದರೆ ಮನೆಯಲ್ಲಿ ಇನ್ನೊಂದು ವರ್ಷ ಕೊಡುವವರಲ್ಲ, ಕೊಡುವ ಸ್ಥಿತಿಯೂ ಅಲ್ಲ. ಲಗ್ನದ ಮಾತು ಆಗಲೇ ಹೊಸ್ತಿಲ ತನಕ ಬಂದು ಚಹಾ ಕುಡಿದು ಹೋಗಿತ್ತು. ಕಾಲೇಜಿನ ಕಂಪ್ಯೂಟರುಗಳ ಮುಂದೆ ಯಾವಾಗಲೂ ಸರದಿ, ಆದ್ದರಿಂದ ಎಸಿ ಸರ್ ಹತ್ತಿರ ಹೋದೆ. ಅನ್ಯಾಯವಾಗಿ ಮಾತಾಡಬಾರದು, ಅವರು ಒಳ್ಳೆಯ ಮಾತಿನಿಂದಲೇ ಕೂರಿಸಿಕೊಂಡರು. ಹೊತ್ತು ಮೀರಿದರೂ ‘ಮುಗಿಸ್ಕೋವಾ’ ಎಂದು ದೀಪ ಉಳಿಸಿ ಕಾದದ್ದುಂಟು.

ನಾನು ಆರಿಸಿಕೊಂಡ ವಿಷಯ ಬ್ಲೌಸು. ನಗಬೇಡಿ. ಎದೆ, ಸೊಂಟ, ತೋಳು, ಬೆನ್ನಿನ ಅಳತೆ ಹಾಕಿದರೆ ಬಟ್ಟೆ ಹೇಗೆ ಕತ್ತರಿಸಬೇಕೆಂಬ ನಕ್ಷೆಯನ್ನು ಕಂಪ್ಯೂಟರು ಬರೆದು ಕೊಡಬೇಕು. ಜೊತೆಯವರೆಲ್ಲ ಲೈಬ್ರರಿ, ಆಸ್ಪತ್ರೆ, ರೈಲ್ವೆ ಎಂದು ದೊಡ್ಡ ದೊಡ್ಡದನ್ನೇ ಹಿಡಿದಿದ್ದರು. ರೈಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಬ್ಲೌಸಿನ ಬಗ್ಗೆಯೂ ಗೊತ್ತಿರಲಿಲ್ಲ, ಆದರೆ ಚಿಗವ್ವ ಇದ್ದಳು.

ಚಿಗವ್ವನ ತವರು ಜೋಯಿಡಾ ಕಡೆ, ಮನೆಮಾತು ಕೊಂಕಣಿ. ನಮ್ಮೊಡನೆ ಕನ್ನಡ, ಸಿಟ್ಟು ಬಂದಾಗ ಮಾತ್ರ ಕೊಂಕಣಿ. ಹಾಗಾಗಿ ಅವಳ ಕೊಂಕಣಿ ನಮಗೆಲ್ಲ ಚೆನ್ನಾಗಿ ಬರುತ್ತದೆ. ಮುಚ್ಚಿದ ವಸ್ತು ಕಂಡರೆ ಅವಳಿಗೆ ತಡೆಯದು. ಹೊಸ ದಿಂಬು ತಂದರೆ ಮೂಲೆಯ ಹೊಲಿಗೆ ಬಿಚ್ಚಿ ಒಳಗೆ ಹತ್ತಿಯೋ ಚಿಂದಿಯೋ ನೋಡಿಯೇ ತಲೆ ಇಡುವುದು. ಬ್ಯಾಂಕಿನಲ್ಲಿ ‘ಇಲ್ಲಿ ಸಹಿ ಮಾಡ್ರಿ’ ಎಂದರೆ ‘ಮೊದಲ ಪೂರಾ ಓದಿ ಹೇಳ್ರಿ, ನಾ ನಿಂತಿರ್ತೇನಿ’ ಎಂದು ಹಿಂದಿನವರಿಂದ ಶಾಪ ಹಾಕಿಸಿಕೊಂಡು ನಿಲ್ಲುವಳು. ಸರ್ಕಾರ, ಕಂಪನಿ, ಗ್ಯಾಸಿನವರು, ಟೀವಿಯವರು, ಯಾರೇ ಆಗಲಿ ಒಳಗೆ ಇಣುಕಬೇಡಿ ಎಂದರೆ ಒಳಗೆ ಏನೋ ಐತಿ ಎಂದೇ ಅವಳ ಲೆಕ್ಕ. ಅನೇಕ ಸಲ ಒಳಗೆ ಏನೂ ಇರುತ್ತಿರಲಿಲ್ಲ. ಒಳ್ಳೆಯ ಇಸ್ತ್ರಿಪೆಟ್ಟಿಗೆಯೊಂದು ಈ ಸಂಶಯಕ್ಕೆ ಬಲಿಯಾದದ್ದನ್ನು ಕಾಕಾ ಇವತ್ತಿಗೂ ಆಡಿಕೊಳ್ಳುತ್ತಾನೆ.

ಈ ಗುಣಕ್ಕೊಂದು ಮೂಲವಿದೆ. ಹೊಸದಾಗಿ ಲಗ್ನವಾಗಿ ಬಂದಾಗ ಅವಳು ಪೇಟೆಯ ಒಂದು ಹೊಲಿಗೆ ಅಂಗಡಿಗೆ ಕಾಜಾ ಗುಂಡಿ ಮಾಡಲು ಹೋಗುತ್ತಿದ್ದಳಂತೆ. ಮಾಸ್ತರು ಹೊಲಿಗೆ ಎಲ್ಲರೆದುರಿಗೆ ಹೇಳಿಕೊಡುವರು. ಬಟ್ಟೆ ಕತ್ತರಿಸುವಾಗ ಮಾತ್ರ ಪರದೆ ಎಳೆದುಕೊಳ್ಳುವರು. ಕಟಿಂಗ್ ಗೊತ್ತಾದವಳು ನಾಳೆ ಎದುರಿಗೇ ಅಂಗಡಿ ಹಾಕಿದರೆ ಎಂಬ ಭಯ. ಚಿಗವ್ವ ಜಗಳ ಮಾಡಲಿಲ್ಲ. ಮನೆಗೆ ಬಂದು ತನ್ನ ಲಗ್ನದ ಬ್ಲೌಸನ್ನೇ ಎಳೆ ಎಳೆಯಾಗಿ ಬಿಚ್ಚಿ, ತುಂಡುಗಳನ್ನು ಚಾಪೆಯ ಮೇಲೆ ಹರವಿ, ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಕಲಿತಳು. ಮರಳಿ ಹೊಲಿದದ್ದು ಅವಳಿಗೆ ಆಗಲಿಲ್ಲವಂತೆ, ನಮ್ಮವ್ವ ತೊಟ್ಟಳಂತೆ. ಅಂದಿನಿಂದ ಅವಳು ಹೊಲಿಯುವ ಬ್ಲೌಸಿನ ಒಳಗೆ ಎರಡೂ ಬದಿ ಬೆರಳಗಲ ಬಟ್ಟೆ ಬಿಟ್ಟಿರುತ್ತಾಳೆ. ‘ಮೈ ಬಂದ್ರ ಅವರ ಬಿಚ್ಚಿ ಸಡಲ ಮಾಡ್ಕೋಬೇಕು, ಮತ್ತ ನನ್ನ ಕಡೆ ಯಾಕ ಬರಬೇಕು?’ ಅವಳ ವ್ಯಾಪಾರ ಎಂದೂ ದೊಡ್ಡದಾಗಲಿಲ್ಲ. ಏಕೆಂದು ನಿಮಗೆ ತಿಳಿದಿರಬೇಕು.

ಅಂಥವಳು ತನ್ನ ಕಟಿಂಗನ್ನು ನನಗೆ ಹೇಳಿಕೊಟ್ಟಳು. ಹೇಳುವ ಮೊದಲು ಒಂದು ಪ್ರಶ್ನೆ ಕೇಳಿದಳು: ‘ಆ ಡಬ್ಬ್ಯಾಗ ಹಾಕಿದ ಮ್ಯಾಲ ಅದು ಯಾರದಾಗ್ತೈತಿ?’

‘ನಮ್ಮದೇ ಚಿಗವ್ವಾ, ಮತ್ಯಾರದು?’ ಎಂದೆ, ಓದಿದವಳ ಗತ್ತಿನಲ್ಲಿ.

ನಕ್ಷೆ ತಯಾರಾಯಿತು. ಪ್ರಿಂಟರು ಕಿರ್ರೆಂದು ಕೂಗಿ ಕೊಟ್ಟ ಹಾಳೆಗಳನ್ನು ಅನ್ನದ ಗಂಜಿಯಿಂದ ಅಂಟಿಸಿ, ಬಟ್ಟೆಯ ಮೇಲೆ ಇಟ್ಟು ಕತ್ತರಿಸಿ ಹೊಲಿದರೆ ಬ್ಲೌಸು ಸರಿಯಾಗಿ ಬಂತು. ನೋಡಿ ಎಸಿ ಸರ್ ಕಣ್ಣು ಅರಳಿತು. ಒಂದು ವಾರದ ಮೇಲೆ ಕರೆದು, ಹುಬ್ಬಳ್ಳಿಯ ದೊಡ್ಡ ಅಂಗಡಿಯವರು ಇದನ್ನು ಕೇಳುತ್ತಿದ್ದಾರೆ, ಸೆಂಟರಿನ ಮಷೀನಿನಲ್ಲಿ ಆದದ್ದು ಸೆಂಟರಿನ ಸ್ವತ್ತು, ನಿನಗೆ ತೋರಿಸಲಿಕ್ಕೆ ಬೇಕಾದರೆ ಫ್ಲಾಪಿಯಲ್ಲಿ ಓಡಿಸುವ ಹಾಗೆ ಮಾಡಿ ಕೊಡುತ್ತೇನೆ ಎಂದರು. ಸೋರ್ಸ್ ಕೋಡ್, ಅಂದರೆ ನಾನು ಸಾಲು ಸಾಲಾಗಿ ಬರೆದ ಮೂಲ, ಕೊಡುವುದಿಲ್ಲ. ಅಷ್ಟು ಹೊತ್ತಿಗೆ ಪಾಸ್‌ವರ್ಡ್ ಬದಲಾಗಿತ್ತು. ಮೂಲವಿಲ್ಲದೆ ಕಾಲೇಜಿನವರು ಪ್ರಾಜೆಕ್ಟ್ ಮುಟ್ಟುವುದಿಲ್ಲ ಎಂದು ಅತ್ತೆ. ಆಗ ಅವರು ಪಕ್ಕದವರ ಕಡೆ ತಿರುಗಿ ಹೇಳಿದ್ದು, ಆಗಲೇ ಬರೆದೆನಲ್ಲ, ಆ ಮಾತು.

ಮನೆಗೆ ಬಂದು ಚಿಗವ್ವನಿಗೆ ಹೇಳಿದೆ. ಕೊಂಕಣಿ ಶುರುವಾಗುತ್ತದೆಂದು ಕಾದೆ. ಶುರುವಾಗಲಿಲ್ಲ. ಹೊಲಿಗೆ ಮಷೀನಿನ ಗಾಲಿಯನ್ನು ಕೈಯಿಂದ ತಡೆದು ನಿಲ್ಲಿಸಿದಳು. ‘ಅಂದ್ರ ನನ್ನ ಕಟಿಂಗ್ ಮತ್ತ ಪರದೇದ ಹಿಂದ ಹೋತು’ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಪೇಟೆಯಲ್ಲಿ ರಫೀಕ್ ಭಾಯ್ ಎಂಬವರು ಟೀವಿ ರಿಪೇರಿ ಜೊತೆಗೆ ಹಳೆಯ ಕಂಪ್ಯೂಟರು ಜೋಡಿಸಿ ಮಾರುತ್ತಿದ್ದರು. ಅವರ ಅಂಗಡಿಯ ಮಷೀನುಗಳಿಗೆ ಪಕ್ಕದ ತಗಡೇ ಇರುತ್ತಿರಲಿಲ್ಲ, ಕರುಳೆಲ್ಲ ಹೊರಗೆ. ಮುಚ್ಚಳವಿಲ್ಲದ್ದನ್ನು ನೋಡಿದೊಡನೆ, ನನ್ನ ಜೊತೆ ಬಂದಿದ್ದ ಚಿಗವ್ವನಿಗೆ ಮೊದಲ ಸಲ ಒಂದು ಕಂಪ್ಯೂಟರಿನ ಮೇಲೆ ಒಳ್ಳೆಯ ಅಭಿಪ್ರಾಯ ಹುಟ್ಟಿತು. ನನ್ನ ಕತೆ ಕೇಳಿ ರಫೀಕ್ ಭಾಯ್, ಪತ್ರಿಕೆಯೊಂದರ ಜೊತೆ ಬಂದ ಸಿಡಿ ಹುಡುಕಿ ತೆಗೆದರು.

‘ಲಿನಕ್ಸ್ ಅಂತಾರ ಇದಕ್ಕ. ಹಾಕ್ಕೋ, ಬಿಚ್ಚಿ ನೋಡು, ತಿದ್ದು, ಮಂದಿಗೆ ಕೊಡು. ಯಾರೂ ಕೇಳಂಗಿಲ್ಲ ಬೆಹೆನ್. ಪ್ರೋಗ್ರಾಮ್ ಬರಿಯೂ ಸಾಮಾನೂ ಇದರಾಗ ಐತಿ, ಮೂಲಾನೂ ಇದರಾಗ ಐತಿ.’

‘ಎಷ್ಟು?’ ಎಂದಳು ಚಿಗವ್ವ.

‘ಪುಕ್ಕಟೆ, ಚಾಚಿ.’

‘ಪುಕ್ಕಟೆ ಅಂದ್ರ ನಾ ಒಲ್ಲೆ. ಅವರಿಗೇನ ಲಾಭ?’

ಪ್ರಪಂಚದ ಎಲ್ಲೆಲ್ಲೋ ಇರುವ ಸಾವಿರಾರು ಮಂದಿ ತಮ್ಮ ಕೆಲಸ ಮುಗಿಸಿ ಮನೆಗೆ ಬಂದು ಇದನ್ನು ಬರೆಯುತ್ತಾರಂತೆ ಎಂದು ನನಗೆ ತಿಳಿದಷ್ಟು ಹೇಳಿದೆ. ಚಿಗವ್ವ ಮರುಗಿದಳು. ‘ಅವರಿಗೆ ಮನ್ಯಾಗ ಕೆಲಸ ಇಲ್ಲೇನು? ಹೆಂಡ್ರು ಏನೂ ಅನ್ನೂದಿಲ್ಲೇನು?’

ರಫೀಕ್ ಭಾಯ್ ಅಂಗಡಿಯ ಒಂದು ಮೂಲೆ ನನ್ನದಾಯಿತು. ಮೂರು ದಿನ ಕಪ್ಪು ಪರದೆ ಬಿಟ್ಟು ಬೇರೇನೂ ಕಾಣಲಿಲ್ಲ. ಮೌಸ್ ಎಂಬ ಇಲಿ ಓಡಲಿಲ್ಲ, ಬಣ್ಣ ಬರಲಿಲ್ಲ. ಎಸಿ ಸರ್ ಹೇಳಿದ್ದೇ ನಿಜವಾಗುತ್ತದೆ ಎನಿಸಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಅಳುತ್ತ ಹಳಿಯಾಳಕ್ಕೆ ಹೋದದ್ದೂ ಇದೆ. ಆಮೇಲೆ ನಿಧಾನವಾಗಿ ಅಕ್ಷರ ಮೂಡಿತು, ಗೆರೆ ಎಳೆಯಿತು. ಗೆರೆ ಎಳೆಯುವ ಭಾಗವನ್ನು ಯಾವುದೋ ದೂರದೇಶದವನು ಬರೆದು ಎಲ್ಲರಿಗಾಗಿ ಇಟ್ಟಿದ್ದ. ಅವನ ಹೆಸರು ಓದಲು ನನಗೆ ನಾಲಿಗೆ ತಿರುಗದು. ಉಳಿದದ್ದು ಕಟಿಂಗ್, ಅದರ ಲೆಕ್ಕವೆಲ್ಲ ಸೆಂಟರಿನ ಮಷೀನಿನಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಎರಡನೆಯ ಸಲ ಕೇಳಲು ಬಾಯಿ ಬರಲಿಲ್ಲ. ಚಿಗವ್ವ ತಾನೇ ಒಂದು ಮಧ್ಯಾಹ್ನ ಟೇಪು ಕೊರಳಿಗೆ ಹಾಕಿಕೊಂಡು ಅಂಗಡಿಗೆ ಬಂದಳು.

‘ಹೇಳ್ತೇನಿ. ಆದ್ರ ಈ ಸಲ ಮಾತ ಕೊಡಬೇಕು. ಇದನ್ನ ಯಾರ ಕೇಳಿದ್ರೂ ಕೊಡಬೇಕು, ಒಳಗಿಂದು ಸಮೇತ. ತಗೊಂಡವರು ತಿದ್ದಲಿ, ಬೇಕಾದ್ದ ಮಾಡ್ಲಿ. ಆದ್ರ ಅವರೂ ಮುಂದ ಹಂಗ ಕೊಡಬೇಕು. ಮುಚ್ಚಿ ಇಟ್ಕೊಂಡ್ರ ನನ್ನ ಆಣಿ ಐತಿ ಅಂತ ಬರಿ ಅದರಾಗ.’

ರಫೀಕ್ ಭಾಯ್ ಬೆಸುಗೆ ಹಾಕುವ ಕಡ್ಡಿ ಕೈಯಲ್ಲೇ ಹಿಡಿದು ಜೋರಾಗಿ ನಕ್ಕರು. ‘ಚಾಚಿ, ನೀವು ಅಂದಿದ್ದ ಈ ಸಿಡಿಯೊಳಗೂ ಬರದಾರ್ರಿ. ಇಂಗ್ಲಿಷ್‌ನ್ಯಾಗ, ಪುಟಗಟ್ಲೆ.’

‘ಅಷ್ಟ್ಯಾಕ ಬರಿಬೇಕು? ಅವರಿಗೆ ಆಣಿ ಹಾಕಾಕ ಬರೂದಿಲ್ಲೇನು?’

ಬರೆದೆ. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ಚಿಗವ್ವನ ಹೆಸರೂ ಅವಳ ಆಣೆಯೂ. ಓದಿದವಳಿಗೆ ಇದೊಂಥರಾ ನಾಚಿಕೆಯ ಕೆಲಸ ಎಂದು ಆಗ ಅನಿಸಿತ್ತು. ಈಗ ಪಾಠ ಹೇಳುವಾಗ ಪರವಾನಗಿಯ ಅಧ್ಯಾಯ ಬಂದರೆ ಮಕ್ಕಳಿಗೆ ಇದನ್ನೇ ಹೇಳುತ್ತೇನೆ, ಪುಸ್ತಕದ್ದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಪರೀಕ್ಷೆಗೆ ಧಾರವಾಡದಿಂದ ಒಬ್ಬ ಮೇಡಂ ಬಂದಿದ್ದರು. ನನಗಿಂತ ಮುಂದಿನವರು ಬೆಳಗಾವಿಯಿಂದ ತಯಾರು ಪ್ರಾಜೆಕ್ಟ್ ತಂದವರು. ಎಲ್ಲವನ್ನೂ ನೀವೇ ಬರೆದಿರಾ ಎಂದರೆ ಎಲ್ಲರೂ ‘ನಾವೇ ಬರದೇವ್ರಿ’ ಎಂದರು. ಆಮೇಲೆ ನನ್ನ ಸರದಿ ಬಂತು. ನಮ್ಮ ಮಾರ್ಗದರ್ಶಕರು ಮೊದಲೇ ‘ಪುಕ್ಕಟೆ ಸಾಫ್ಟ್‌ವೇರಿಂದ ಮಾಡ್ಯಾಳ್ರಿ, ನೋಡಿ ಮಾರ್ಕ್ಸ್ ಹಾಕ್ರಿ’ ಎಂದು ಅವರ ಕಿವಿಯಲ್ಲಿ ಹೇಳಿದ್ದರು. ಎಲ್ಲಾ ನಾನೇ ಬರೆದೆ ಎಂದರೆ ಮೊದಲ ಸಾಲಿನಲ್ಲಿರುವ ಚಿಗವ್ವನ ಹೆಸರೇ ಸುಳ್ಳಾಗುತ್ತದೆ, ಇಲ್ಲ ಎಂದರೆ ವರ್ಷ ಹೋಗುತ್ತದೆ. ಹೇಳಿಬಿಟ್ಟೆ: ‘ಗೆರೆ ಎಳಿಯೂದು ಬ್ಯಾರೇದವರದ್ರಿ ಮೇಡಂ. ಕಟಿಂಗ್ ನಮ್ಮ ಚಿಗವ್ವಂದು. ನಡುವಿಂದು ನಂದು. ಯಾವ ಸಾಲು ಯಾರದು ಅಂತ ಒಳಗ ಬರದೇನ್ರಿ.’

ಅವರು ಕನ್ನಡಕ ಸರಿಮಾಡಿಕೊಂಡರು. ‘ತೆಗೆದು ತೋರಿಸು.’ ತೋರಿಸಿದೆ. ಮೊದಲ ಸಾಲಿಗೆ ಬಂದು ನಿಂತು, ಆಣೆಯನ್ನು ಎರಡು ಸಲ ಓದಿದರು. ‘ಗುಂಡಗಿನ ಕೊರಳು ಬೇಡ, ಪಾನ್ ಕೊರಳು ಮಾಡು ನೋಡೋಣ, ಈಗಲೇ’ ಎಂದರು. ಮೊದಲ ಸಲ ಕೊರಳಿನ ಜಾಗದಲ್ಲಿ ತೋಳು ಬಂತು. ಇಡೀ ಕೋಣೆ ನಕ್ಕಿತು, ಮೇಡಂ ನಗಲಿಲ್ಲ, ಕಾದರು. ಎಲ್ಲಿ ತಪ್ಪಿದೆ ಎಂದು ಕಾಣುತ್ತಿತ್ತಲ್ಲ, ತಿದ್ದಿದೆ. ಎರಡನೆಯ ಸಲ ಎಲೆಯಾಕಾರದ ಕೊರಳು ಮೆಲ್ಲಗೆ ಮೂಡಿತು. ‘ಇದನ್ನ ನನಗೂ ಒಂದು ಹಾಕಿ ಕೊಡ್ತೀಯಾ?’ ಎಂದರು. ಕೊಡದೆ ನನಗೆ ಗತಿಯೇ ಇರಲಿಲ್ಲ.

ಪಾಸಾದೆ. ವರದಿಯ ಅಂಚು ಅಳತೆಯಲ್ಲಿಲ್ಲ ಎಂದು ಮಾರ್ಗದರ್ಶಕರು ಅಂಕ ಕಡಿದರು, ಮೊದಲ ದರ್ಜೆ ಸ್ವಲ್ಪದರಲ್ಲಿ ತಪ್ಪಿತು. ಇರಲಿ.

ಆ ಮಳೆಗಾಲ ಕಳೆದ ಮೇಲೆ ಎಸಿ ಸರ್ ಒಂದು ದಿನ ರಫೀಕ್ ಭಾಯ್ ಅಂಗಡಿಗೆ ಬಂದರು. ಸಾಫ್ಟ್‌ವೇರ್ ಕಂಪನಿಯವರು ನಕಲು ಹಿಡಿಯಲು ತಪಾಸಣೆಗೆ ಬರುತ್ತಾರೆಂಬ ಸುದ್ದಿಗೆ ಸೆಂಟರ್ ಮುಚ್ಚಿಯೇ ಇತ್ತು. ಹುಬ್ಬಳ್ಳಿಯ ಅಂಗಡಿಯವರ ಮಾತೂ ಮುರಿದಿತ್ತು. ಲಿನಕ್ಸಿನ ಸಿಡಿ ಬೇಕಿತ್ತು ಅವರಿಗೆ. ನನ್ನನ್ನು ಕಂಡು, ನೆಲ ನೋಡುತ್ತ, ‘ಅದರ ಜೋಡಿ ನಿನ್ನ ಪ್ರೋಗ್ರಾಮೂ ಕೊಡ್ತೀಯೇನವಾ, ಹುಡುಗರಿಗೆ ತೋರ್ಸಾಕ?’ ಎಂದರು. ನನಗೆ ಕೊಡಲು ಮನಸ್ಸಿರಲಿಲ್ಲ. ಚಿಗವ್ವನ್ನ ಕೇಳಿ ಹೇಳುತ್ತೇನೆ ಎಂದು ಜಾರಿಕೊಂಡೆ. ಅವಳು ದಾರ ಕಡಿಯುತ್ತ ಹೇಳಿದಳು: ‘ಕೇಳಿದನಲ್ಲ ಅಂವ? ಮತ್ತೇನು? ಕೊಡು.’ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಪ್ರಮಾಣಪತ್ರ ಬರಲು ಇನ್ನೂ ಎಷ್ಟೋ ತಿಂಗಳು ಹಿಡಿಯಿತು. ತರಲು ಹಳಿಯಾಳಕ್ಕೆ ಹೊರಟಾಗ ಅವ್ವನಿಗೆ ಕೂಲಿ ಬಿಡಲಾಗಲಿಲ್ಲ, ಚಿಗವ್ವ ಬಂದಳು. ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತರು ಸಹಿ ಮಾಡಿಸಿಕೊಂಡು ಕಾಗದ ಹೊರಗೆ ಚಾಚಿದರು. ನಾನು ಕೈ ನೀಡುವ ಮೊದಲೇ ಚಿಗವ್ವ ಸೆರಗಿನಲ್ಲಿ ಕೈ ಒರೆಸಿ ಅದನ್ನು ತಗೊಂಡಳು. ಅವಳಿಗೆ ಇಂಗ್ಲಿಷ್ ಬಾರದು. ಹೆಸರಿನ ಮೇಲೆ ಬೆರಳಾಡಿಸಿ ‘ಇದು ನೀನ ಏನು?’ ಎಂದಳು. ಹೌದೆಂದೆ. ಹೊರಗೆ ಕಟ್ಟೆಯ ಮೇಲೆ ಕೂತು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕೈಗೆ ಕೊಡುತ್ತ ಹೇಳಿದಳು:

‘ಓಣ್ಯಾಗಿನ ಹುಡುಗ್ಯಾರು ಬರ್ತಾರ ಈಗ, ಇದು ಹೆಂಗ ಬಂತಕ್ಕಾ ಅಂತ ಕೇಳ್ತಾರ. ಶ್ಯಾಣ್ಯಾಕಿ ಇದ್ದೆ, ಅದಕ್ಕ ಬಂತು ಅನಬ್ಯಾಡ. ಹೆಂಗ ಬಂತೋ ಅದನ್ನ ಹೇಳು.’