ಕಬ್ಬಿನ ಹೊಲದ ಗಂಗವ್ವ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಕೆಲಸವೆಂದರೆ, ಹಿಂದೆ ಹಳ್ಳದ ನೆರೆ ನಿಲ್ಲುತ್ತಿದ್ದ ಜೌಗು ನೆಲಗಳಲ್ಲಿ ಮತ್ತೆ ನೀರು ನಿಲ್ಲಿಸಬಹುದೇ ಎಂದು ನೋಡುವುದು. ಹಳಿಯಾಳದ ಹತ್ತಿರ ಅಂಥದೊಂದು ಜೌಗಿಗೆ ನೆರೆ ನುಗ್ಗದಂತೆ ಒಡ್ಡು ಹಾಕಿ, ಕಬ್ಬು ಬೆಳೆಯಲು ಶುರುಮಾಡಿ ವರ್ಷಗಳೇ ಆಗಿದ್ದವು. ಉರಿಬಿಸಿಲು, ಕಬ್ಬು ಕಡಿದ ಹೊಲ, ಎಲ್ಲೂ ನೆರಳಿಲ್ಲ. ಬಂದದ್ದೇ ದಂಡ ಎಂದು ನಾನು ಗೊಣಗುತ್ತಿದ್ದಾಗ ಜೊತೆಗೆ ಬಂದಿದ್ದ ಸಹೋದ್ಯೋಗಿ ಕೂಗಿ ಕರೆದರು. ಬದುವಿನ ಪಕ್ಕ ಅವರು ತೋಡಿದ ಗುಂಡಿಯಲ್ಲಿ ಮಣ್ಣು ಹಸಿಯಾಗಿತ್ತು. ಒಳಗಿನ ಸೆಲೆ ಇನ್ನೂ ಬತ್ತಿಲ್ಲವೆಂದು ಇಬ್ಬರೂ ಹಿಗ್ಗಿದೆವು.

ಹುಲ್ಲು ಕೊಯ್ಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಬಂದು ಗುಂಡಿಯಲ್ಲಿ ಇಣುಕಿದರು.

"ಅದು ನಾವು ಸುರುವಿದ ನೀರ್ರಿ. ಸೊಸಿ ಹೆಣ್ಣು ಹಡದಾಳ. ಮುಂಜಾನಿ ಗಂಗವ್ವನ ಪೂಜಿ ಮಾಡಿಸಿದ್ವಿ."

ಪಕ್ಕದಲ್ಲೇ ಅರಿಶಿನ ಹಚ್ಚಿದ ಐದು ಕಲ್ಲುಗಳಿದ್ದವು. ನಾವು ನೋಡಿರಲೇ ಇಲ್ಲ.

"ನೀರು ಎಲ್ಲಿಂದ ತಂದ್ರಿ ಯವ್ವಾ?" ಎಂದೆ.

"ಊರಾಗಿನ ಬೋರಿಂದ."

"ಹಂಗಿದ್ರ ಬೋರಿನ ಹತ್ರನ ಪೂಜಿ ಮಾಡಬಹುದಿತ್ತಲ್ಲ?"

"ನಾ ಹಡದಾಗ ನಮ್ಮತ್ತಿ ನನ್ನ ಕೈಲೆ ಇಲ್ಲೇ ಮಾಡಿಸಿದ್ರು. ಆವಾಗ ಹಳ್ಳದ ನೀರು ಇಲ್ಲೀ ತನಕ ಇತ್ತು. ನೀರು ಹೋತಂತ ಗಂಗವ್ವನ್ನ ಬಿಡಾಕ ಆಕ್ಕೈತೇನ್ರಿ?"

ಸ್ವಲ್ಪ ದೂರದಲ್ಲಿ ಮತ್ತೊಂದು ಗುಂಡಿ ತೋಡಿದೆವು. ಮಣ್ಣು ಪೂರ್ತಿ ಒಣಗಿತ್ತು. ಹಿಂದೆ ನೀರು ನಿಂತಿದ್ದರ ಗುರುತಾಗಿ ಜೌಗಿನ ಬೂದುಬಣ್ಣ ಮಾತ್ರ ಉಳಿದಿತ್ತು. ಒಡ್ಡು ತೆಗೆದರೆ ನೀರು ಬರಬಹುದು, ಮೀನು, ಹಕ್ಕಿ ಎಲ್ಲ ತಿರುಗಿ ಬರಬಹುದು ಎಂದು ನಾನು ಅವರಿಗೆ ಉತ್ಸಾಹದಿಂದ ವಿವರಿಸಿದೆ. ಅವರು ಹುಲ್ಲಿನ ಹೊರೆ ತಲೆಗೇರಿಸಿಕೊಂಡು ಕೇಳಿದರು:

"ಅಂದ್ರ ಈ ಕೂಸು ದೊಡ್ಡಾಕಿ ಆಗಿ ಹಡಿಯೂ ಹೊತ್ತಿಗೆ, ಗಂಗವ್ವಗ ನಾವು ನೀರು ಹೊತ್ತು ತರೂದು ತಪ್ತೈತೇನ್ರಿ?"