ಗೋಕಟ್ಟೆಯ ಬಿಸಿಲು

ನಿರ್ಮಲಾ ಸಿದ್ದಾಪುರಕ್ಕೆ ಸೊಸೆಯಾಗಿ ಬಂದಾಗ ಅವಳ ಬಾಯಿಗೆ ಕನ್ನಡಕ್ಕಿಂತ ತೆಲುಗೇ ಬೇಗ ಬರುತ್ತಿತ್ತು. ತವರು ರಾಯದುರ್ಗದ ಕಡೆಯ ಹಳ್ಳಿ. ಸಿದ್ದಾಪುರದವರಿಗೂ ತೆಲುಗು ಬರುತ್ತಿತ್ತು, ಆದರೆ ಅತ್ತೆಗೆ ಮನೆಯೊಳಗೆ ಕನ್ನಡವೇ ಆಡಬೇಕೆಂಬ ಹಟ. ಆಕೆ ಒಂದು ಕೇಳಿದರೆ ಇವಳು ಇನ್ನೊಂದು ತಂದುಕೊಟ್ಟು ಬೈಸಿಕೊಳ್ಳುತ್ತಿದ್ದಳು. ಆಗೆಲ್ಲ ಗೋಡೆಯಾಚೆಯಿಂದ ಮೆಲ್ಲಗೆ ಅರ್ಥ ಹೇಳಿಕೊಟ್ಟು ಕಾಪಾಡುತ್ತಿದ್ದವಳು ಪಕ್ಕದ ಮನೆಯ ಯರ್ರಮ್ಮ. ಅವಳ ತವರೂ ಅದೇ ಸೀಮೆ. ವಯಸ್ಸಿನಲ್ಲಿ ಹಿರಿಯಳು, ಮೈಕಟ್ಟಿನಲ್ಲಿ ಗಟ್ಟಿ, ಮಾತಿನಲ್ಲಿ ಊರಿಗೆಲ್ಲ ಮುಂದು. ನಿರ್ಮಲಾ ಅವಳನ್ನು ಅಕ್ಕಾ ಎಂದೇ ಕರೆದಳು. ಹಾಗೆ ಕರೆಯುತ್ತ ಇಬ್ಬರಿಗೂ ತಲೆ ನರೆಯತೊಡಗಿತ್ತು.

ಇಬ್ಬರೂ ಉದ್ಯೋಗ ಖಾತ್ರಿ ಕೆಲಸಕ್ಕೆ ಜೊತೆಯಾಗಿ ಹೋಗುತ್ತಿದ್ದರು. ನಿರ್ಮಲಾ ಹತ್ತನೇ ಕ್ಲಾಸು ಓದಿದ್ದರಿಂದ ಪಂಚಾಯಿತಿಯವರು ಅವಳನ್ನು ಗುಂಪಿನ ಕಾಯಕ ಬಂಧು ಮಾಡಿದ್ದರು. ಬಂದವರ ಹಾಜರಿ ಹಿಡಿಯುವುದು, ಯಾರು ಎಲ್ಲಿ ಅಗೆಯಬೇಕೆಂದು ತೋರಿಸುವುದು, ದಿನಕ್ಕೆರಡು ಸಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋನಿನಲ್ಲಿ ಫೋಟೊ ತೆಗೆದು ಕಳಿಸುವುದು ಅವಳ ಕೆಲಸ. ಎರಡೂ ಫೋಟೊದಲ್ಲಿ ಇದ್ದವರಿಗಷ್ಟೇ ಆ ದಿನದ ಕೂಲಿ. ಫೋಟೊ ತೆಗೆಯುವಾಗ ಯರ್ರಮ್ಮ ಸೆರಗು ಸರಿಮಾಡಿಕೊಂಡು, "ಚಂದ ತೆಗಿಯೇ, ಮೇಲಿನ ಸಾಹೇಬ್ರು ನೋಡಿ ನನಗೊಂದು ಗಂಡು ಹುಡುಕ್ಲಿ" ಎನ್ನುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ಆ ಮಾತು ಅವಳಿಗೆ ಮಾತ್ರ ಸಲ್ಲುತ್ತಿತ್ತು.

ಆ ವರ್ಷ ಅವರಿಗೆ ಸಿಕ್ಕಿದ್ದು ಗೋಕಟ್ಟೆಯ ಹೂಳು ತೆಗೆಯುವ ಕೆಲಸ. ಗುಡ್ಡದ ಬುಡದಲ್ಲಿ ದನಕರು, ಕುರಿಗಳು ನೀರು ಕುಡಿಯಲೆಂದು ಹಿರಿಯರು ಕಟ್ಟಿದ್ದ ಹಳೆಯ ಕಟ್ಟೆ ಅದು. ಹಿಂದೆ ಮುಂಗಾರು ಹದವಾಗಿ ಬಂದು, ಗುಡ್ಡದ ಮೇಲೆ ಬಿದ್ದ ನೀರು ನಿಧಾನ ಇಳಿದು ಕಟ್ಟೆ ತುಂಬಿದರೆ ಸಂಕ್ರಾಂತಿ ದಾಟಿದರೂ ನೀರಿರುತ್ತಿತ್ತು. ಈಗ ಮಳೆಗೆ ಆ ತಾಳ್ಮೆಯಿಲ್ಲ. ತಿಂಗಳುಗಟ್ಟಲೆ ಆಕಾಶ ಬಿಳಿಚಿಕೊಂಡಿರುತ್ತದೆ. ಆಮೇಲೆ ಒಂದು ಸಂಜೆ ವರ್ಷದ್ದನ್ನೆಲ್ಲ ಒಟ್ಟಿಗೆ ಸುರಿದು ಹೋಗುತ್ತದೆ. ಹಾಗೊಂದು ಮಳೆ ಗುಡ್ಡದ ಮಣ್ಣನ್ನೆಲ್ಲ ತಂದು ಕಟ್ಟೆಯೊಳಗೆ ತುಂಬಿ, ಏರಿಯನ್ನು ಒಂದು ಕಡೆ ಕಿತ್ತುಹಾಕಿತ್ತು. ಅದರ ಮುಂದಿನ ವರ್ಷ ಮಳೆಯೇ ಬರಲಿಲ್ಲ. ಹೂಳು ತೆಗೆದು ಏರಿ ಎತ್ತರಿಸಿದರೆ, ಸುರಿದದ್ದನ್ನಾದರೂ ಹಿಡಿದಿಟ್ಟುಕೊಳ್ಳಬಹುದು ಎಂಬುದು ಪಂಚಾಯಿತಿಯ ಲೆಕ್ಕಾಚಾರ. ಊರಿನವರಿಗೂ ಅದು ಸರಿಯೆನಿಸಿತ್ತು.

ಏಪ್ರಿಲ್ ತಿಂಗಳು. ಗುಡ್ಡದ ಬಂಡೆಗಳು ಹಗಲೆಲ್ಲ ಕಾದು, ಬೆಳಗಿನ ಜಾವಕ್ಕೂ ಆರದೆ ಬೆಚ್ಚಗಿರುತ್ತಿದ್ದವು. ಕಟ್ಟೆಯ ತಳಕ್ಕೆ ಇಳಿದರೆ ಗಾಳಿ ಆಡದು. ಸುತ್ತ ನೆರಳೆಂದರೆ ಒಂದು ಹುಣಸೆ ಮರ, ಅದೂ ಏರಿಯ ಆಚೆ ತುದಿಯಲ್ಲಿ. ಹೊತ್ತು ನೆತ್ತಿಗೇರುವಷ್ಟರಲ್ಲಿ ಮಣ್ಣು ಹೊರುವ ಕಬ್ಬಿಣದ ಪುಟ್ಟಿಯ ಅಂಚು ಮುಟ್ಟಿದರೆ ಕೈ ಸುಡುತ್ತಿತ್ತು.

ಆ ದಿನ ಯರ್ರಮ್ಮ ಬೆಳಗಿನಿಂದಲೂ ಅಂಬಲಿ ಮುಟ್ಟಿರಲಿಲ್ಲ. ಬಿಸಿಲಿಗೆ ಬೈಯುವಾಗ ಅವಳು ತೆಲುಗಿಗೆ ಹೊರಳುತ್ತಿದ್ದಳು. "ಏಂ ಎಂಡಮ್ಮಾ ಇದಿ" ಎಂದು ಒಂದೆರಡು ಸಲ ಅಂದವಳು ಆಮೇಲೆ ಅದನ್ನೂ ಬಿಟ್ಟು ಸುಮ್ಮನಾದಳು.

"ಅಕ್ಕಾ, ಮರದ ಕೆಳಗೆ ಹೋಗಿ ಕೂತ್ಕೋ" ಎಂದಳು ನಿರ್ಮಲಾ.

"ಇನ್ನೊಂದು ಫೋಟೊ ಐತಲ್ಲ. ಅದು ಮುಗಿಸ್ಕೊಂಡೇ ಹೋಗಾನ ಬಿಡು."

ಸ್ವಲ್ಪ ಹೊತ್ತಿಗೆ ಅವಳು ಪುಟ್ಟಿ ಕೆಳಗಿಟ್ಟು ನಿರ್ಮಲಾಳ ಕಡೆ ತಿರುಗಿ, "ಎಮ್ಮೆ ಕಟ್ಟಿ ಬಂದ್ಯಾ?" ಎಂದು ಕೇಳಿದಳು.

"ಯಾವ ಎಮ್ಮೆ?"

"ನಮ್ಮೆಮ್ಮೆ ಕಣೇ. ಹಗ್ಗ ಕಿತ್ಕೊಂಡು ಹೊಲಕ್ಕೆ ನುಗ್ಗೈತೆ ನೋಡು."

ಯರ್ರಮ್ಮನ ಮನೆಯಲ್ಲಿ ಎಮ್ಮೆಯಿದ್ದದ್ದು ಯಾವ ಕಾಲದಲ್ಲೋ. ಪಕ್ಕದಲ್ಲಿ ಅಗೆಯುತ್ತಿದ್ದವರು ನಕ್ಕರು. ನಗಿಸುವುದು ಅವಳ ಸ್ವಭಾವವೇ ಆಗಿದ್ದರಿಂದ ನಿರ್ಮಲಾಳೂ ನಕ್ಕಳು. ಯರ್ರಮ್ಮ ನಗಲಿಲ್ಲ. ಎಮ್ಮೆ ಹುಡುಕುವವಳ ಹಾಗೆ ನಾಲ್ಕು ಹೆಜ್ಜೆ ಹಾಕಿ, ಕಾಲು ತೊಡರಿ, ಮಣ್ಣಿನ ಗುಡ್ಡೆಯ ಮೇಲೆ ಮುಗ್ಗರಿಸಿ ಬಿದ್ದಳು.

ಎಲ್ಲರೂ ಓಡಿ ಬಂದರು. ಮುಖಕ್ಕೆ ನೀರು ಚಿಮುಕಿಸಿದರು, ಬಾಯಿಗೆ ನೀರು ಬಿಟ್ಟರು. ಅದು ಕಟವಾಯಿಯಿಂದ ಹೊರಗೆ ಹರಿಯಿತು. ಮೈಮೇಲೆ ಒಂದು ಹನಿ ಬೆವರಿಲ್ಲ. ಆಟೋದಲ್ಲಿ ಮೊಳಕಾಲ್ಮೂರಿಗೆ ಹೊರಟಾಗ ಅವಳ ತಲೆ ನಿರ್ಮಲಾಳ ತೊಡೆಯ ಮೇಲಿತ್ತು. ಸೀರೆಯ ಮೇಲಿಂದಲೂ ತೊಡೆ ಸುಡುವಷ್ಟು ಕಾವು. ದಾರಿಯಲ್ಲಿ ಎಲ್ಲಿಯೋ ಒಂದು ಕಡೆ ಉಸಿರು ನಿಂತಿತು. ಎಲ್ಲಿ ಎಂದು ನಿರ್ಮಲಾಳಿಗೆ ತಿಳಿಯಲಿಲ್ಲ, ಏಕೆಂದರೆ ಮೈಯ ಕಾವು ಆಸ್ಪತ್ರೆ ಮುಟ್ಟಿದರೂ ಹಾಗೇ ಇತ್ತು.

ಹೃದಯ ನಿಂತು ಸತ್ತಿದ್ದಾಳೆ ಎಂದರು ವೈದ್ಯರು. ಊರಲ್ಲಿ ಕೆಲವರು ಬಿಪಿ ಎಂದರು, ಕೆಲವರು ಗಾಳಿ ಸೋಕಿದ್ದು ಎಂದರು. ಬಿಸಿಲಿಗೆ ಯಾರಾದರೂ ಸಾಯುತ್ತಾರೆಯೇ, ನಾವೆಲ್ಲ ಹುಟ್ಟಿದಾಗಿನಿಂದ ಇದೇ ಬಿಸಿಲಲ್ಲಿ ಬೆಳೆದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ನಿರ್ಮಲಾ ಮಣ್ಣಿಗೆ ಹೋದಳು, ಎಲ್ಲರ ಜೊತೆ ಒಂದು ಹಿಡಿ ಹಾಕಿದಳು, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಅಳು ಬರಲಿಲ್ಲ. ಇವತ್ತಲ್ಲದಿದ್ದರೆ ನಾಳೆ ಬಂದೀತು ಅಂದುಕೊಂಡಳು. ನಾಳೆಯೂ ಬರಲಿಲ್ಲ.

ಗೋಕಟ್ಟೆಯ ಕೆಲಸ ಕೆಲ ದಿನ ನಿಂತು ಮತ್ತೆ ಶುರುವಾಯಿತು. ನಿರ್ಮಲಾ ಹೋದಳು. ಹಾಜರಿ ಹಿಡಿದಳು, ಫೋಟೊ ತೆಗೆದಳು. ಸಂಜೆ ಮನೆಗೆ ಬಂದು ಮುದ್ದೆ ಕಟ್ಟಿದಳು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದಮೇಲೆ ಬೊಬ್ಬೆಯನ್ನು ನೋಡಿಕೊಂಡು ಕೂತಳು. ತಂಗಿಯ ಮಗಳ ಮದುವೆಯಲ್ಲಿ ಎಲ್ಲರೂ ನಕ್ಕಾಗ ನಕ್ಕಳು. ಗಂಡ ಎರ್ರಿಸ್ವಾಮಿ ಮಾತು ಕಡಿಮೆಯ ಮನುಷ್ಯ. ಅವನೇ ಒಂದು ದಿನ, "ನಾಕು ದಿನ ತವರಿಗೆ ಹೋಗ್ಬಾರದಾ?" ಎಂದ.

"ಹೋಗಿ ಏನ್ ಮಾಡ್ಲಿ?"

"ಸುಮ್ನೆ. ಅವ್ವನ ಜೊತೆ ಕೂತ್ಕಂಡು ಅತ್ತುಬಿಟ್ಟು ಬಾ."

"ಅಳೋಕೆ ಏನೂ ಇಲ್ಲ" ಎಂದಳು. ಅದು ಹಟದ ಮಾತಲ್ಲ. ಒಳಗೆ ಇಣುಕಿ ನೋಡಿಯೇ ಹೇಳಿದ್ದಳು.

ಆ ವರ್ಷ ಗೋಕಟ್ಟೆ ಅರ್ಧಕ್ಕೇ ನಿಂತಿತು. ಮಳೆಗಾಲ ಹೋಗಿ ಚಳಿಗಾಲ ಬಂತು, ಚಳಿಗಾಲವೂ ಬೇಗನೆ ಮುಗಿಯಿತು. ಬೇಸಿಗೆ ಹತ್ತಿರವಾದಾಗ ಆಶಾ ಕಾರ್ಯಕರ್ತೆ ಶಿಲ್ಪಾ ಪಂಚಾಯಿತಿ ಕಟ್ಟೆಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಬಿಸಿಲಿನ ಬಗ್ಗೆ ತಿಳಿಹೇಳಿದಳು. ನೀರು, ಮಜ್ಜಿಗೆ, ತಲೆಗೆ ಬಟ್ಟೆ ಎಂದು ಎಲ್ಲರಿಗೂ ಗೊತ್ತಿದ್ದದ್ದನ್ನೇ ಹೇಳುತ್ತ ಹೋದವಳು, "ಬಿಸಿಲು ಮೆದುಳಿಗೆ ಹೊಡೆದ್ರೆ ಮನುಷ್ಯರು ಹೊಂದಿಕೆಯಿಲ್ಲದ ಮಾತಾಡ್ತಾರೆ. ಎಲ್ಲಿದೀನಿ ಅಂತ ಗೊತ್ತಾಗಲ್ಲ. ಕುಡಿದೋರ ಹಂಗೆ ತೂರಾಡ್ತಾರೆ. ಅದನ್ನ ತಮಾಷೆ ಅನ್ಕಂಡು ಬಿಟ್ರೆ ಜೀವ ಹೋಗ್ತೈತೆ" ಎಂದಳು.

ನಿರ್ಮಲಾಳ ಪಕ್ಕದಲ್ಲಿದ್ದವರು ಅವಳ ಮುಖ ನೋಡಿದರು. ಅಂದು ನಕ್ಕವರಲ್ಲಿ ಅವರೂ ಇದ್ದರು. ಈಗಲಾದರೂ ಇವಳು ಕುಸಿದು ಅತ್ತಾಳು ಎಂದುಕೊಂಡಿರಬೇಕು. ನಿರ್ಮಲಾ ಕೈ ಎತ್ತಿ, "ಹಂಗಾದಾಗ ಏನ್ ಮಾಡ್ಬೇಕು?" ಎಂದು ಮಾತ್ರ ಕೇಳಿದಳು.

"ಮೊದ್ಲು ನೆರಳಿಗೆ ತರಬೇಕು. ಮೈಯೆಲ್ಲ ನೆನೆಯೋ ಹಂಗೆ ನೀರು ಹಾಕಿ ಗಾಳಿ ಬೀಸ್ಬೇಕು. ಎಚ್ಚರ ಇಲ್ದೋರ ಬಾಯಿಗೆ ನೀರು ಬಿಡ್ಬಾರ್ದು. ಮೈ ತಣ್ಣಗಾಗೋಕೆ ಶುರುವಾಗೋ ತನಕ ನೀರು ನಿಲ್ಲಿಸ್ಬಾರ್ದು. ಅಷ್ಟರೊಳಗೆ ಆಂಬುಲೆನ್ಸ್‌ಗೆ ಫೋನ್ ಮಾಡ್ಬೇಕು."

"ಎಷ್ಟು ನೀರು?"

"ಎಷ್ಟಿರ್ತೈತೋ ಅಷ್ಟೂ."

ಮಾರನೆಯ ದಿನವೇ ನಿರ್ಮಲಾ ಪಂಚಾಯಿತಿಗೆ ಹೋಗಿ ಕೆಲಸದ ಅಳತೆ ತೆಗೆದುಕೊಳ್ಳುವ ಎಂಜಿನಿಯರ್ ಅಮರೇಶನನ್ನು ಕಂಡಳು. ಈ ಸಲ ಬೆಳಕು ಹರಿಯುತ್ತಲೇ ಕೆಲಸ ಶುರುಮಾಡಿ, ಬಿಸಿಲು ಏರುವ ಮೊದಲು ಮುಗಿಸಬೇಕು. ನೆರಳಿಗೆ ಹಸಿರು ಬಲೆ, ನೀರಿಗೆ ಡ್ರಮ್ಮು ಬೇಕು ಎಂದಳು. ಅಮರೇಶ ಒಳ್ಳೆಯ ಹುಡುಗ. "ಡ್ರಮ್ಮು ಕೊಡಿಸ್ತೀನಮ್ಮ, ಬಲೆ ನರ್ಸರಿದು ಐತೆ. ಫೋಟೊ ಟೈಮಿಗೆ ಮೇಲಿನೋರನ್ನ ಕೇಳ್ಬೇಕು" ಎಂದ. ಕೇಳಿದ, ಒಪ್ಪಿಗೆಯೂ ಬಂತು.

ತಕರಾರು ಬಂದದ್ದು ಊರಿನೊಳಗಿನಿಂದ. ನಲ್ಲಿಯಲ್ಲಿ ನೀರು ಬರುವುದೇ ಬೆಳಿಗ್ಗೆ. ಕತ್ತಲಲ್ಲೇ ಕೆಲಸಕ್ಕೆ ಹೋದರೆ ನೀರು ಹಿಡಿಯುವವರು ಯಾರು, ಒಲೆ ಹಚ್ಚುವವರು ಯಾರು ಎಂದು ಹೆಂಗಸರು ಕೇಳಿದರು. ಗುಂಪಿನ ಹಿರಿಯ ಜುಂಜಪ್ಪ ಸೊಂಟಕ್ಕೆ ಕೈಯಿಟ್ಟು, "ನಮ್ಮಪ್ಪ ಮಟಮಟ ಮಧ್ಯಾಹ್ನದಾಗೆ ಬಾವಿ ತೋಡಿದೋನು. ನಾವೇನು ಬೆಣ್ಣೇಲಿ ಮಾಡಿದೋರಾ?" ಎಂದ. ನಿರ್ಮಲಾ ಯಾರ ಜೊತೆಯೂ ವಾದ ಮಾಡಲಿಲ್ಲ. ನೀರುಗಂಟಿಯ ಮನೆಗೆ ಎರಡು ಸಲ ಹೋಗಿ ಕೂತು, ಬೇಸಿಗೆ ಮುಗಿಯುವ ತನಕ ಸಂಜೆ ನೀರು ಬಿಡುವಂತೆ ಒಪ್ಪಿಸಿದಳು. ನೀರೇ ಸಂಜೆಗೆ ಬಂದಮೇಲೆ ಹೆಂಗಸರು ಬೆಳಿಗ್ಗೆಗೆ ಬಂದರು. ಹೆಂಗಸರು ಬಂದಮೇಲೆ ಜುಂಜಪ್ಪನೂ ಗೊಣಗುತ್ತ ಬಂದ.

ಕಟ್ಟೆಯ ತಳದಲ್ಲೇ ನಾಲ್ಕು ಬಿದಿರ ಗಳು ಹುಗಿದು ಹಸಿರು ಬಲೆ ಕಟ್ಟಿದರು. ಅದರಡಿಯಲ್ಲಿ ಡ್ರಮ್ಮು. ನಿರ್ಮಲಾ ಮನೆಯ ಅಟ್ಟದಿಂದ ಹಳೆಯ ಕಂಬಳಿಯೊಂದನ್ನು ತಂದು ಡ್ರಮ್ಮಿನ ಪಕ್ಕ ಮಡಿಸಿಟ್ಟಳು. ನೆನೆಸಿದರೆ ಬೇಗ ಆರುವುದಿಲ್ಲ ಎಂದು. ಯಾರಾದರೂ ಸುಸ್ತೆಂದರೆ ಕೂರಿಸುತ್ತಿದ್ದಳು, ಸುಸ್ತಿಲ್ಲವೆಂದರೂ ಕೂರಿಸುತ್ತಿದ್ದಳು. ಇದನ್ನೆಲ್ಲ ಅವಳು ಕಾಳಜಿಯಿಂದ ಮಾಡುತ್ತಾಳೆಂದು ಊರು ಆಡಿಕೊಂಡಿತು. ಅವಳಿಗೆ ಕಾಳಜಿ ಎಂದೇನೂ ಅನಿಸುತ್ತಿರಲಿಲ್ಲ. ಹೊತ್ತು ಮೂಡುತ್ತಿತ್ತು, ಮಾಡಬೇಕಾದದ್ದು ಮುಂದಿರುತ್ತಿತ್ತು, ಕೈ ಅದನ್ನು ಮಾಡುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಮೋಡ ಕವಿದಿತ್ತು. ಮಳೆ ತರುವ ಮೋಡವಲ್ಲ, ಮುಚ್ಚಳ ಹಾಕಿದಂಥದ್ದು. ಬಿಸಿಲಿಲ್ಲದಿದ್ದರೂ ಉಸಿರು ಕಟ್ಟುವ ಸೆಕೆ. ಕೆಲಸ ಮುಗಿಯುವ ಹೊತ್ತಿಗೆ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿ ನಿರ್ಮಲಾ ತಿರುಗಿದಳು. ಜುಂಜಪ್ಪ ಏರಿಯ ಮೇಲೆ ಹಾಕಿದ್ದ ಮಣ್ಣನ್ನೇ ಪುಟ್ಟಿಗೆ ತುಂಬಿಕೊಂಡು ಬಂದು ಗುಂಡಿಗೆ ಸುರಿಯುತ್ತಿದ್ದ. ಸುರಿದು, ಮತ್ತೆ ಏರಿಯ ಕಡೆ ಹೊರಟ.

"ನಗಬೇಡ್ರೀ!" ಎಂದು ನಿರ್ಮಲಾ ಕೂಗಿದಳು. "ಹಿಡೀರಿ ಅವರನ್ನ!"

ಹಿಡಿಯುವಷ್ಟರಲ್ಲಿ ಜುಂಜಪ್ಪ ಮೊಣಕಾಲೂರಿ ಕುಸಿದಿದ್ದ. ನೆರಳಿಗೆ ಹೊತ್ತು ತಂದರು. ಒಬ್ಬಳು ಬಾಯಿಗೆ ನೀರು ಬಿಡಲು ಬಂದಾಗ ನಿರ್ಮಲಾ ಲೋಟ ಕಸಿದು ಅದನ್ನು ಅವನ ಎದೆಯ ಮೇಲೆಯೇ ಸುರಿದಳು. ಕಂಬಳಿಯನ್ನು ಡ್ರಮ್ಮಿನಲ್ಲಿ ಅದ್ದಿ ಹೊದಿಸುವುದು, ತೆಗೆಯುವುದು, ಗಾಳಿ ಬೀಸುವುದು, ಮತ್ತೆ ಅದ್ದಿ ಹೊದಿಸುವುದು. ಡ್ರಮ್ಮು ತಳ ಕಾಣುವಷ್ಟರಲ್ಲಿ ಜುಂಜಪ್ಪ ಕಣ್ಣು ಬಿಟ್ಟು, "ಯಾಕಮ್ಮಾ ನನ್ನ ನೆನೆಸ್ತಿದೀರಿ?" ಎಂದ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ವೈದ್ಯರು, ಸರಿಯಾದ ಹೊತ್ತಿಗೆ ತಣ್ಣಗೆ ಮಾಡಿದ್ದಕ್ಕೆ ಬದುಕಿದ ಎಂದರು.

ಜನ ನಿರ್ಮಲಾಳನ್ನು ಹೊಗಳಿದರು. ಶಿಲ್ಪಾ ಬಂದು ಕೈ ಹಿಡಿದುಕೊಂಡಳು. ನಿರ್ಮಲಾ ತನ್ನೊಳಗೆ ಸಂತೋಷವಿದೆಯೇ ಎಂದು ಹುಡುಕಿದಳು. ಒಂದು ಪುಟ್ಟಿ ಮಣ್ಣು ಹೊತ್ತು ಹಾಕಿದಷ್ಟೇ ಅನಿಸಿತು. ಅಂದು ಮಧ್ಯಾಹ್ನ ಊಟ ಮಾಡಿ, ಪಾತ್ರೆ ತೊಳೆದು, ಚಾಪೆಯ ಮೇಲೆ ಮಲಗಿ ಸಂಜೆಯ ತನಕ ನಿದ್ದೆ ಹೋದಳು.

ಜುಂಜಪ್ಪನಿಗೆ ವೈದ್ಯರು ಈ ಬೇಸಿಗೆಯಿಡೀ ಬಿಸಿಲಿಗೆ ಹೋಗಬೇಡ ಎಂದಿದ್ದರು. ಮುಂದಿನ ವಾರವೇ ಅವನು ಗುದ್ದಲಿ ಹೆಗಲಿಗೇರಿಸಿಕೊಂಡು ಗೋಕಟ್ಟೆಗೆ ಬಂದು ನಿಂತ.

"ಮನೇಲಿ ಕೂತ್ರೆ ಹೊತ್ತು ಹೋಗಲ್ಲ ಕಣಮ್ಮ. ನಾನೇನು ಸಾಯಲ್ಲ ಬಿಡು. ಹೂಂ, ಫೋಟೊ ತೆಗಿ" ಎಂದು ನಕ್ಕ.

ನಿರ್ಮಲಾ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೋಗಿ ಅವನ ಹೆಗಲಿನಿಂದ ಗುದ್ದಲಿ ಕಿತ್ತು, ಎತ್ತಿ ಬೀಸಿ, ಕಟ್ಟೆಯ ಆಚೆಗೆ ಎಸೆದಳು.

"ಸಾಯಲ್ಲ ಅಂತ ನಿನಗ್ಯಾರು ಹೇಳಿದ್ರು?" ಎಂದಳು. ತನಗಿಂತ ಅಷ್ಟು ಹಿರಿಯನಾದ ಅವನನ್ನು ಅವಳು ಎಂದೂ ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ. "ಅವಳೂ ಹಂಗೇ ಅಂದ್ಲು. ಮುಗಿಸ್ಕೊಂಡೇ ಹೋಗಾನ ಅಂದ್ಲು. ಎಲ್ಲಿಗೆ ಹೋದ್ಲು? ಎಲ್ಲರಿಗೂ ನಗು, ಎಲ್ಲರಿಗೂ ತಮಾಷೆ! ನನ್ನ ತೊಡೆ ಮೇಲೆ ಉರಿದು ಹೋದ್ಲು ಅವಳು. ನಿನ್ನನ್ನೂ ಹೊತ್ಕೊಂಡು ಹೋಗ್ಬೇಕಾ ನಾನು? ಎಷ್ಟು ಜನನ್ನ ಹೊರ್ಲಿ?"

ಜುಂಜಪ್ಪ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆಯ್ತು ತಾಯಿ, ಕೂತ್ಕೋತೀನಿ" ಎಂದು ಬಲೆಯ ನೆರಳಿಗೆ ಹೋಗಿ ಕೂತ.

ನಿರ್ಮಲಾಳಿಗೆ ಜುಂಜಪ್ಪನ ಮೇಲೆ, ನಕ್ಕವರ ಮೇಲೆ, ಅಂಬಲಿ ಕುಡಿಯದೆ ಬಂದ ಯರ್ರಮ್ಮನ ಮೇಲೆ, ಮೇಲಿನ ಆ ಬಿಳಿಚಿದ ಆಕಾಶದ ಮೇಲೆ ಎಲ್ಲಿಲ್ಲದ ಸಿಟ್ಟು. ಒಂದು ವರ್ಷದಲ್ಲಿ ಅವಳಿಗೆ ಏನಾದರೂ ಅನಿಸಿದ್ದು ಅದೇ ಮೊದಲು. ಸಿಟ್ಟು ಸಂಜೆಯವರೆಗೂ ಇತ್ತು. ಆಮೇಲೆ ಅದೂ ಇಳಿಯಿತು. ಅಳು ಆಗಲೂ ಬರಲಿಲ್ಲ.

ಏರಿಯ ಕೆಲಸ ಜೂನ್ ಹೊತ್ತಿಗೆ ಮುಗಿಯಿತು. ಮಳೆ ತಡವಾಗಿ ಬಂತು, ಬಂದದ್ದೂ ಒಂದೇ ಸಂಜೆ. ಗುಡ್ಡದ ಮೇಲಿಂದ ಕೆಂಪು ನೀರು ಧುಮುಕಿತು. ಈ ಸಲ ಏರಿ ತಡೆಯಿತು. ಮಾರನೆಯ ದಿನ ಎರ್ರಿಸ್ವಾಮಿ ಹೆಂಡತಿಯನ್ನು ಕರೆದುಕೊಂಡು ನೋಡಲು ಹೋದ. ಕಟ್ಟೆ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಕುರಿಗಳು ಒಂದರ ಮೇಲೊಂದು ನುಗ್ಗಿ ಕುಡಿಯುತ್ತಿದ್ದವು.

"ಚೆನ್ನಾಗಿ ನಿಂತೈತೆ" ಎಂದ ಅವನು.

ನಿರ್ಮಲಾ ನೀರನ್ನು ನೋಡಿದಳು. ಯರ್ರಮ್ಮ ಬಿದ್ದಿದ್ದ ಜಾಗ ಅದರಡಿಯಲ್ಲಿ ಎಲ್ಲಿಯೋ ಇತ್ತು. ಇಲ್ಲೇ ಎಂದು ಬೊಟ್ಟು ಮಾಡಿ ತೋರಿಸಲು ಆಗುತ್ತಿರಲಿಲ್ಲ.

"ಮುಂದಿನ ವರ್ಷ ಆಚೆ ಹಳ್ಳದ ಕೆಲಸ ಐತಂತೆ" ಎಂದಳು. "ಬೇಸಿಗೆಗೆ ಇಟ್ಕೊಳ್ಳೋದು ಬೇಡ, ಸಂಕ್ರಾಂತಿ ಮುಗೀತಿದ್ದಂಗೆ ಶುರು ಮಾಡಾನ ಅಂತ ಅಮರೇಶ್ ಸಾರಿಗೆ ಹೇಳ್ಬೇಕು."

"ಹೇಳು" ಎಂದ ಎರ್ರಿಸ್ವಾಮಿ.

ಇಬ್ಬರೂ ಏರಿಯ ಮೇಲೆಯೇ ನಡೆದು ಊರಿನ ಕಡೆ ಇಳಿದರು.