ರೋಣದಿಂದ ಬಂದ ಸೀರೆ

ನನ್ನ ಆಯಿ, ಅಂದರೆ ಅಪ್ಪನ ತಾಯಿ, ಶಾಂತ ಸ್ವಭಾವದವಳಾಗಿದ್ದಳು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸತ್ತವರ ಬಗ್ಗೆ ಹೀಗೆ ಬೆಣ್ಣೆ ಸವರಿ ಮಾತಾಡುವವರನ್ನು ಕಂಡರೆ ನನಗಾಗದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅವಳಷ್ಟು ಹಟದ ಹೆಂಗಸು ಇನ್ನೊಬ್ಬಳಿರಲಿಲ್ಲ. ಆ ಹಟ ಕಂಡೇ ನಾನು ಅವಳನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದ್ದು.

ನಮ್ಮದು ಕೈಮಗ್ಗದ ಮನೆ. ಸೀರೆಯ ಒಡಲಿಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಬಿಗಿಯುವ ಉದ್ದದ ಎಳೆಗಳು, ಸೆರಗಿಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದು ಹೆಂಗಸರ ಕೆಲಸ. ಆಯಿಯ ಪಕ್ಕ ಕೂತೇ ನಾನು ಅದನ್ನು ಕಲಿತೆ. ತಾನೇ ಉಡುವ ಸೀರೆಯಾದರೆ ಅಂಚಿನ ಪಕ್ಕದ ಕೊನೆಯ ಕೊಂಡಿಗೆ ಅವಳು ಸೆರಗಿನ ಕೆಂಪಿನ ಜೊತೆ ಒಂದು ಹಳದಿ ಎಳೆ ಸೇರಿಸುತ್ತಿದ್ದಳು, ತನ್ನ ಗುರುತಿಗೆ. ಕೊಂಡಿ ಹಾಕುವಷ್ಟು ಹೊತ್ತೂ ಅವಳದು ಒಂದೇ ಕಥೆ. ಗಂಡ ಸತ್ತ ಮೇಲೆ ಮಕ್ಕಳನ್ನು ಕಟ್ಟಿಕೊಂಡು ರೋಣದ ತವರಿಗೆ ಹೋದದ್ದು, ವಾರ ಕಳೆಯುವುದರೊಳಗೆ ಒಡಹುಟ್ಟಿದ ತಮ್ಮನೇ ಅವಳ ಬಟ್ಟೆಗಂಟು ತಂದು ಹೊರಗಿನ ಕಟ್ಟೆಯ ಮೇಲೆ ಇಟ್ಟದ್ದು.

"ಹೋಗು ಅಂತನೂ ಅನಲಿಲ್ಲ ಅಂವಾ. ಗಂಟು ಇಟ್ಟ, ಒಳಗ ಹೋದ," ಎನ್ನುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಾ ಸತ್ತಾಗ ಆ ಮನಿ ಅರಿವಿ ನನ್ನ ಮೈಮ್ಯಾಲ ಬೀಳಬಾರದು. ನೀನ ನೋಡ್ಕೋಬೇಕು," ಎಂದು ತಾಕೀತು ಮಾಡುತ್ತಿದ್ದಳು. ನಮ್ಮ ಕಡೆ ಹೆಂಗಸು ಸತ್ತರೆ ತವರಿನವರು ಸೀರೆ ತರಬೇಕು. ಅದನ್ನು ಹೊದಿಸಿದ ಮೇಲೆಯೇ ಮಣ್ಣು. ಆ ಸೀರೆಯನ್ನು ಬಾಗಿಲಲ್ಲೇ ತಡೆಯುವ ಕೆಲಸವನ್ನು ಅವಳು ಹತ್ತು ವರ್ಷದ ನನಗೆ ಒಪ್ಪಿಸಿದ್ದಳು. ಕಂಡೇ ಇರದ ಒಂದು ಮನೆಯನ್ನು ನಾನು ಹಲ್ಲು ಕಚ್ಚಿ ದ್ವೇಷಿಸುತ್ತ ಬೆಳೆದೆ.

ಪ್ರತಿ ನಾಗಪಂಚಮಿಗೆ ರೋಣದ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಆ ತಮ್ಮ ಕಳಿಸಿದ ಹಬ್ಬದ ಸಿಹಿ ಉಂಡಿಯ ಡಬ್ಬಿ ಬರುತ್ತಿತ್ತು. ಅವಳು ಮುಚ್ಚಳ ಸಹ ತೆಗೆಯದೆ ಅದೇ ಬಸ್ಸಿಗೆ ವಾಪಸು ಕಳಿಸುತ್ತಿದ್ದಳು. ಕೊನೆಯ ನಾಲ್ಕೈದು ವರ್ಷ ಮಾತ್ರ, "ಇರಲಿ, ಒಳಗಿಡು," ಎನ್ನತೊಡಗಿದಳು. ಮುದುಕಿಗೆ ಬಸ್‌ಸ್ಟ್ಯಾಂಡಿನವರೆಗೆ ನಡೆಯಲು ಆಗುತ್ತಿಲ್ಲ ಎಂದುಕೊಂಡು ನಾನೇ ಡಬ್ಬಿ ಬಿಚ್ಚಿ ಅವಳ ಕಣ್ಣೆದುರೇ ಉಂಡಿಗಳನ್ನು ಆಕಳಿಗೆ ಹಾಕುತ್ತಿದ್ದೆ. ಹಾಗೆ ನಡೆಯಲು ಆಗದವಳು ತಿಂಗಳಿಗೊಮ್ಮೆ, "ಕಣ್ಣು ತೋರಿಸಾಕ ರೋಣದ ದವಾಖಾನಿಗೆ ಹೋಗಿ ಬರ್ತೀನಿ," ಎಂದು ಒಬ್ಬಳೇ ಬಸ್ಸು ಹತ್ತುತ್ತಿದ್ದಳು. ಕಣ್ಣಿನ ಹನಿಯ ಹೊಸ ಬಾಟಲಿ ಒಂದೂ ಮನೆಗೆ ಬಂದದ್ದು ನೆನಪಿಲ್ಲ. ನಾನೂ ಕೇಳಲಿಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಒಂದು ಮುಂಜಾನೆ ಚಹಾ ಕುಡಿದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳ ತಮ್ಮ ಬಂದ. ಬಾಗಿದ ಬೆನ್ನು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ನಾನು ಹೊಸ್ತಿಲ ಮೇಲೆ ಅಡ್ಡ ನಿಂತೆ. ಹೆಣದ ಮುಂದೆ ಜಗಳ ಬೇಡವೆಂದು ಅಪ್ಪನ ತಮ್ಮ, ನಮ್ಮ ಕಾಕಾ, ನನ್ನ ರಟ್ಟೆ ಹಿಡಿದ; ಕೊಡವಿದೆ. ಮುದುಕ ಚೀಲದಿಂದ ಸೀರೆ ತೆಗೆದು ಎರಡೂ ಕೈಯಲ್ಲಿ ಮುಂದೆ ಚಾಚಿದ. ಮಡಿಕೆಯ ತುದಿಯನ್ನು ಎರಡು ಬೆರಳಲ್ಲಿ ತಿಕ್ಕಿದೆ. ನೇಕಾರರ ಮನೆಯ ಬೆರಳಿಗೆ ಅಷ್ಟು ಸಾಕು. ಅದು ಹತ್ತಾರು ಸಲ ಒಗೆದ, ಉಟ್ಟು ಮೆತ್ತಗಾದ ಸೀರೆ.

"ಉಟ್ಟು ಬಿಟ್ಟ ಸೀರಿ ತಂದೀರಿ? ಆಕೀ ಗಂಟು ಹೊರಗಿಟ್ಟಿದ್ದು ಸಾಲಲಿಲ್ಲೇನ್ರಿ ನಿಮಗ?" ಎಂದೆ. ಓಣಿಗೆಲ್ಲ ಕೇಳುವ ಹಾಗೆ ಎಂದೆ.

"ಒಮ್ಮೆ ಬಿಚ್ಚಿ ನೋಡವಾ," ಎಂದ ಮುದುಕ.

"ಬಿಚ್ಚೂದು ಬ್ಯಾಡ, ಹೊಚ್ಚೂದೂ ಬ್ಯಾಡ. ಹೊರಗ ನಡೀರಿ."

ನಾನೇ ನೇಯ್ದ ಹೊಸ ಸೀರೆಯನ್ನು ಆಯಿಗೆ ಹೊದಿಸಿದೆವು. ಅವಳ ಮಾತು ಉಳಿಸಿದೆ ಎಂದು ಆ ದುಃಖದಲ್ಲೂ ನನಗೆ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ. ಮಣ್ಣು ಮುಗಿಸಿ ಬಂದಾಗ ಮುದುಕ ಇರಲಿಲ್ಲ. ಚೀಲ ನಮ್ಮ ಕಟ್ಟೆಯ ಮೇಲಿತ್ತು.

ಮೂರನೆಯ ದಿನ ಅದನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳೋಣವೆಂದು, ಹರಿದಿದೆಯೋ ಎಂದು ನೋಡಲು ಸೆರಗು ಬಿಚ್ಚಿದೆ. ಸೆರಗು ಬಿಚ್ಚದೆ ಸೀರೆಯ ಬಗ್ಗೆ ಮಾತಾಡಬಾರದು ಎಂಬುದು ನಮ್ಮ ಮನೆಯ ಮೊದಲ ಪಾಠ. ಅಂಚಿನ ಪಕ್ಕ, ಕೊನೆಯ ಕೊಂಡಿಯಲ್ಲಿ, ಹಳದಿ ಎಳೆ ಇತ್ತು. ಅದು ಆಯಿಯದೇ ಸೀರೆ. ತಾನೇ ಉಡಲೆಂದು ನೇಯ್ದುಕೊಂಡದ್ದು. ಹಳೆಯದಾಯಿತು, ಹೊದೆಯುವ ಕೌದಿ ಹೊಲಿಯಲು ಹಾಕಿದೆ ಎಂದು ನಮಗೆ ಹೇಳಿದ್ದು.

ಮರುದಿನವೇ ರೋಣಕ್ಕೆ ಹೋದೆ. ಅಂದು ಆಯಿಯ ಗಂಟು ಇಟ್ಟಿದ್ದ ಅದೇ ಕಟ್ಟೆಯ ಮೇಲೆ ಮುದುಕ ಕೂತಿದ್ದ. ನಾನು ಕೇಳುವ ಮೊದಲೇ ಹೇಳಿದ: "ಅಕ್ಕ ತಿಂಗಳಾ ಬರತಿದ್ಲು. ಊಟಾ ಮಾಡಿ, ಇಲ್ಲೇ ಸ್ವಲ್ಪ ಹೊತ್ತು ಕುಂತು ಹೋಗತಿದ್ಲು. ಆ ಸೀರಿ ಆಕೀನ ಕೊಟ್ಟಿದ್ದು. ಹೊಸಾದು ತರಬ್ಯಾಡ, ನಂದ ನನಗ ಹೊಚ್ಚು, ನಿನ್ನ ಕೈಯಿಂದ ಹೊಚ್ಚು, ಅಂದಿದ್ಲು."

"ಹಂಗಾದ್ರ ಅವತ್ತ ಯಾಕ ಹೇಳಲಿಲ್ರಿ?" ನನ್ನ ದನಿ ಆಗಲೂ ಜಗಳದ್ದೇ.

"ನಿನ್ನ ಮುಂದ ಹೇಳಬ್ಯಾಡ ಅಂತ ಆಣಿ ಹಾಕಿದ್ಲು. ಆಕೀಗೆ ನಿನ್ನ ಅಂಜಿಕಿ ಇತ್ತವಾ," ಎಂದ.

ವಾಪಸು ಬರುವ ಬಸ್ಸಿನಲ್ಲಿ ಆಯಿಯನ್ನು ಮನಸಾರೆ ಬೈದೆ. ನನ್ನ ಬಾಯಿಗೆ ವಿಷ ಹಾಕಿದವಳು ತಾನು ಮಾತ್ರ ಸದ್ದಿಲ್ಲದೆ ಬಾಯಿ ತೊಳೆದುಕೊಂಡಿದ್ದಳು. ನನಗೊಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದೂ ನನಗೆ ಗೊತ್ತು. ಆಕಳ ಮುಂದೆ ಉಂಡಿ ಸುರಿಯುವಾಗ ಅವಳು ಹೇಗೆ ನೋಡುತ್ತಿದ್ದಳೆಂದು ನೆನಪಿಸಿಕೊಳ್ಳಲು ಯತ್ನಿಸುತ್ತೇನೆ. ನಾನು ಅವಳ ಮುಖ ನೋಡಿರಲೇ ಇಲ್ಲ.

ಈ ಸಲದ ಪಂಚಮಿಗೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆ. ರೋಣದ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಡಬ್ಬಿ ಏನಾದರೂ ಇದೆಯೇ ಎಂದು ಕೇಳಿದೆ. ಕಂಡಕ್ಟರ್ ಇಲ್ಲವೆಂದು ತಲೆಯಾಡಿಸಿದ.